ಫೀಡ್‌ಬ್ಯಾಕ್ ಬರುವವರೆಗೆ ಕೈಕಟ್ಟಿ ಕೂರಬೇಕಾ?

ಪ್ರಶ್ನೆ: "ಕೆಲಸ ಮುಗಿಸಿ ರಾತ್ರಿ ಹೊತ್ತು ಮುಕ್ಕಾಲು ಗಂಟೆ ಡ್ರಾಯಿಂಗ್ ಕಲಿಯುತ್ತಿದ್ದೇನೆ. ನಮ್ಮ ವೇಗದಲ್ಲಿ ನಾವೇ ಮಾಡಿಕೊಂಡು ಹೋಗುವ ಕೋರ್ಸ್. ಮೊದಲ ಪಾಠದಲ್ಲಿ ಗೆರೆ, ಎಲಿಪ್ಸ್ (ಓರೆಯಿಂದ ನೋಡಿದ ತಟ್ಟೆಯಂಥ ಚಪ್ಪಟೆ ವೃತ್ತ), ಆಮೇಲೆ ಪರ್ಸ್ಪೆಕ್ಟಿವ್‌ನಲ್ಲಿ, ಅಂದರೆ ದೂರ ಹೋದಷ್ಟೂ ಚಿಕ್ಕದಾಗಿ ಕಾಣುವ ಹಾಗೆ, ಡಬ್ಬಗಳು. ಎಲ್ಲ ಮುಗಿಸಿ ಹಾಳೆಗಳ ಫೋಟೋ ಕಳಿಸಿ 19 ದಿನ ಆಯಿತು, ಫೀಡ್‌ಬ್ಯಾಕ್ ಇನ್ನೂ ಬಂದಿಲ್ಲ. ಎರಡನೇ ಪಾಠ ಎಲೆ, ಗಿಡ, ಹುಳುಗಳದ್ದು. ತೆರೆದು ನೋಡಿ ಹಾಗೇ ಮುಚ್ಚಿಟ್ಟಿದ್ದೇನೆ. ತಪ್ಪು ಇಟ್ಟುಕೊಂಡು ಮುಂದೆ ಹೋದರೆ ಅದೇ ಕೈಗೆ ಕೂತುಬಿಡುತ್ತದೆ, 21 ದಿನ ಮಾಡಿದ್ದು ಅಭ್ಯಾಸವಾಗುತ್ತದೆ, ಆಮೇಲೆ ಹೋಗುವುದೇ ಇಲ್ಲ ಅಂತ ಗೊತ್ತಿರುವವರೊಬ್ಬರು ಹೇಳಿದರು. ಹಾಗಾಗಿ ಡಬ್ಬಗಳ ಹಾಳೆಗಳನ್ನೇ ಮೂರು ಸಲ ಮತ್ತೆ ಮಾಡಿದೆ. ಮೂರನೇ ಸಲದ್ದು ಮೊದಲಿನದಕ್ಕಿಂತ ಕೆಟ್ಟದಾಗಿದೆ. ಹಿಂದಿನ ಮೂಲೆಯಲ್ಲಿ ಗೆರೆಗಳು ಸೇರುವುದೇ ಇಲ್ಲ. ಈಗ ಪೆನ್ ಹಿಡಿಯಲು ಮನಸ್ಸೇ ಬರುತ್ತಿಲ್ಲ. ಕಾಯಬೇಕಾ, ಮುಂದೆ ಹೋಗಬೇಕಾ? ಎರಡನೇ ಪಾಠದ ಅರ್ಧದಲ್ಲಿರುವಾಗ ಹಳೆಯದನ್ನು ಮತ್ತೆ ಮಾಡಿ ಅಂತ ಬಂದರೆ ಏನು ಮಾಡಲಿ?"

ಉತ್ತರ: ಮುಂದೆ ಹೋಗಿ. ಇವತ್ತು ರಾತ್ರಿ ಕೂತಾಗಲೇ ಎರಡನೇ ಪಾಠದ ಮೊದಲ ಹಾಳೆ ತೆಗೆಯಿರಿ. ಯಾಕೆ ಅಂತ ಹೇಳುತ್ತೇನೆ. ಹೇಗೆ ಹೋಗಬೇಕು ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಅದರಲ್ಲಿ ಒಂದೆರಡು ಅಪಾಯ ಇರುವುದು ನಿಜ.

ನಿಮ್ಮ ಪತ್ರ ಓದಿದಾಗ ನನಗೆ ಜಾಸ್ತಿ ಚಿಂತೆಯಾಗಿದ್ದು ಡಬ್ಬದ ಮೂಲೆಯ ಬಗ್ಗೆ ಅಲ್ಲ. "ಪೆನ್ ಹಿಡಿಯಲು ಮನಸ್ಸೇ ಬರುತ್ತಿಲ್ಲ" ಅಂದಿರಲ್ಲ, ಆ ಮಾತಿನ ಬಗ್ಗೆ. ನಾನು ಡ್ರಾಯಿಂಗ್ ಕಲಿಸಲು ಶುರು ಮಾಡಿ 15 ವರ್ಷ ದಾಟಿದೆ. ತಪ್ಪು ಗೆರೆ ಎಳೆದೂ ಎಳೆದೂ ಕೈ ಕೆಡಿಸಿಕೊಂಡವರನ್ನು ಬೆರಳಲ್ಲಿ ಎಣಿಸಬಹುದು. ಉತ್ತರಕ್ಕೆ ಕಾಯುತ್ತಾ ಕೂತು ಡ್ರಾಯಿಂಗನ್ನೇ ಬಿಟ್ಟವರಿಗೆ ಲೆಕ್ಕವಿಲ್ಲ. ಒಬ್ಬ ಹುಡುಗಿ ಇದ್ದಳು, ಗೆರೆ ಬಹಳ ಚೆನ್ನಾಗಿತ್ತು. ಅವಳ ಹೋಮ್‌ವರ್ಕ್ ನೋಡಿ ಉತ್ತರ ಬರೆಯಲು ನನಗೆ ಐದು ವಾರ ಹಿಡಿಯಿತು. ಕಳಿಸಿದ ಮೇಲೆ ಒಂದೇ ಸಾಲಿನ ಜವಾಬು ಬಂತು: ಆವಾಗಲೇ ನಿಲ್ಲಿಸಿಬಿಟ್ಟೆ ಅಂತ. ಅವಳ ಹಾಳೆಗಳಲ್ಲಿ ತಿದ್ದುವಂಥದ್ದು ಇದ್ದದ್ದು ಎರಡೇ ಎರಡು ವಿಷಯ, ಎರಡೂ ಚಿಕ್ಕವು. ಅದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ. ಅಲ್ಲಿಂದ ಮುಂದೆ ಯಾರ ಹಾಳೆ ಬಂದರೂ ಅವತ್ತೇ "ತಲುಪಿದೆ, ಮುಂದಿನದು ಶುರು ಮಾಡಿ" ಅಂತ ಬರೆದುಬಿಡುತ್ತೇನೆ. ನಿಮಗೆ ಆ ಸಾಲು ಯಾರೂ ಬರೆದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಈಗ ಆ 21 ದಿನದ ಮಾತು. ಇದು ಎಲ್ಲ ಕಡೆ ಓಡಾಡುತ್ತದೆ, ಕೇಳಿದವರೆಲ್ಲ ನಂಬುತ್ತಾರೆ. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕಾಗುತ್ತದೆ ಅಂತ ಅವರು 1960ರಲ್ಲಿ ಬರೆದರು. ಮುಖ ಒಗ್ಗುವ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಅಭ್ಯಾಸದ ಮಾತಾಯಿತು, "ಕಡಿಮೆ ಅಂದರೂ" ಅನ್ನುವುದು ಉದುರಿಹೋಯಿತು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನಿಜಕ್ಕೂ ಎಷ್ಟು ದಿನ ಬೇಕು ಅಂತ ನೋಡಿದರು. 2010ರಲ್ಲಿ ಅದು ಅಚ್ಚಾಯಿತು. ಸರಾಸರಿ ಬಂದದ್ದು 66 ದಿನ. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ಅದೂ ಊಟದ ಜೊತೆ ನೀರು ಕುಡಿಯುವಂಥ ಸುಲಭದ ಅಭ್ಯಾಸಗಳಲ್ಲಿ. ಬರೀ ಬೆರಳಲ್ಲದೆ ಇಡೀ ತೋಳನ್ನು ಆಡಿಸಿ ಹೆಗಲಿಂದ ಗೆರೆ ಎಳೆಯುವ ಕೆಲಸಕ್ಕೆ ಇಷ್ಟೇ ದಿನ ಅಂತ ಯಾರೂ ಲೆಕ್ಕ ಕೊಡಲು ಆಗುವುದಿಲ್ಲ. 19 ದಿನ ಆಯಿತು, ಇನ್ನೆರಡು ದಿನದಲ್ಲಿ ಬಾಗಿಲು ಮುಚ್ಚಿಬಿಡುತ್ತದೆ ಅಂತ ನೀವು ಹೆದರಿದ್ದರೆ, ಅಂಥ ಬಾಗಿಲೇ ಇಲ್ಲ.

ಹಾಗಂತ ತಪ್ಪು ಕೈಗೆ ಕೂರುವುದು ಪೂರ್ತಿ ಸುಳ್ಳು ಅಂತಲೂ ಹೇಳುವುದಿಲ್ಲ. ಕೂರುತ್ತದೆ. ಆದರೆ ಎಲ್ಲ ತಪ್ಪೂ ಕೂರುವುದಿಲ್ಲ, ಇಲ್ಲೇ ಜನ ಎಡವುವುದು. ನಾನು ಹಾಳೆ ನೋಡುವಾಗ ತಪ್ಪುಗಳನ್ನು ಎರಡು ಗುಂಪು ಮಾಡಿಕೊಳ್ಳುತ್ತೇನೆ. ಒಂದು, ಕೈ ಇನ್ನೂ ಪಳಗದೆ ಆಗುವ ತಪ್ಪು. ಗೆರೆ ತಾನು ಮುಟ್ಟಬೇಕಾದ ಚುಕ್ಕೆಯಿಂದ ಎರಡು ಮಿಲಿಮೀಟರ್ ಆಚೆ ಹೋಯಿತು, ಎಲಿಪ್ಸ್ ಒಂದು ಕಡೆ ಚಪ್ಪಟೆಯಾಯಿತು, ಡಬ್ಬದ ಒಂದು ಅಂಚು ಬೇರೆ ದಿಕ್ಕಿಗೆ ವಾಲಿತು. ಹತ್ತು ಸಲ ಎಳೆದರೆ ಹತ್ತು ಸಲವೂ ಬೇರೆ ಬೇರೆ ಕಡೆ ತಪ್ಪುತ್ತದೆ. ಇದು ಅಭ್ಯಾಸವಾಗಿ ಕೂರಲು ಸಾಧ್ಯವೇ ಇಲ್ಲ, ಯಾಕೆಂದರೆ ಅಲ್ಲಿ ಒಂದೇ ರೀತಿ ಮರುಕಳಿಸುವ ಚಲನೆಯೇ ಇಲ್ಲ. ಇದಕ್ಕೆ ಫೀಡ್‌ಬ್ಯಾಕ್ ಕೊಟ್ಟರೂ ಮೇಷ್ಟ್ರು ಹೇಳುವುದು ಒಂದೇ ಮಾತು: ಮಾಡ್ತಾ ಹೋಗಿ, ಸರಿಹೋಗುತ್ತದೆ.

ಇನ್ನೊಂದು, ಪಾಠದ ಮಾತನ್ನೇ ಬೇರೆ ಥರ ತಿಳಿದುಕೊಂಡು ಮಾಡುವ ತಪ್ಪು. ಇದು ಪ್ರತಿ ಸಲವೂ ಒಂದೇ ರೀತಿ ಆಗುತ್ತದೆ, ಅದಕ್ಕೇ ಕೂರುತ್ತದೆ. ಮಣಿಕಟ್ಟು ಮೇಜಿಗೆ ಅಂಟಿಸಿಕೊಂಡು ಬರೀ ಬೆರಳಿಂದ ಉದ್ದ ಗೆರೆ ಎಳೆಯುವುದು. ಒಂದು ಗೆರೆಯ ಬದಲು ಹತ್ತು ಚಿಕ್ಕ ಚಿಕ್ಕ ಗೆರೆ ಗೀಚಿ ಜೋಡಿಸುವುದು. ಚುಕ್ಕೆ ತಪ್ಪಬಾರದು ಅಂತ ಆಮೆ ನಡಿಗೆಯಲ್ಲಿ ಎಳೆದು ಗೆರೆಯೆಲ್ಲ ನಡುಗುವುದು. ತಪ್ಪಿದ ಗೆರೆಯ ಮೇಲೇ ಮತ್ತೆ ಎಳೆದು ಮುಚ್ಚುವುದು. ಇವು ಗಮನಿಸಬೇಕಾದವು. ಸಮಾಧಾನದ ಸಂಗತಿ ಅಂದರೆ ಇವುಗಳಲ್ಲಿ ಮುಕ್ಕಾಲು ಪಾಲನ್ನು ನೀವೇ ಹಿಡಿಯಬಹುದು. ಪಾಠದ ಸೂಚನೆಯನ್ನು ಇವತ್ತು ಇನ್ನೊಂದು ಸಲ ಓದಿ, ಮೊದಲ ಸಲ ಓದುತ್ತಿರುವ ಹಾಗೆ. ಮೊದಲ ಓದಿನಲ್ಲಿ ನಮಗೆ ಕಾಣುವುದು ಏನು ಬರೆಯಬೇಕು ಅನ್ನುವುದಷ್ಟೇ. ಕೈಗೆ ಸ್ವಲ್ಪ ಅನುಭವ ಆದಮೇಲೆ ಓದಿದರೆ ಹೇಗೆ ಬರೆಯಬೇಕು ಅನ್ನುವ ಸಾಲುಗಳು ಕಣ್ಣಿಗೆ ಬೀಳುತ್ತವೆ.

ಒಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. ಒಬ್ಬರ ಹಾಳೆಯಲ್ಲಿ ಎಲ್ಲ ಗೆರೆಯೂ ನೇರ, ಆದರೆ ಪ್ರತಿ ಗೆರೆಯ ಬಲತುದಿಯಲ್ಲಿ ಸಣ್ಣ ಕೊಕ್ಕೆ, ಮೀನಿನ ಗಾಳದಂಥದ್ದು, ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಅವರು ಅದನ್ನು ಗಮನಿಸಿಯೇ ಇರಲಿಲ್ಲ. ಕಾರಣ ಸರಳ. ಗೆರೆ ಮುಗಿದ ಕೂಡಲೇ ಮುಂದಿನ ಗೆರೆಯ ಆರಂಭಕ್ಕೆ ಕೈ ವಾಪಸ್ ಓಡುತ್ತಿತ್ತು, ಪೆನ್ ಹಾಳೆಯಿಂದ ಪೂರ್ತಿ ಎದ್ದಿರುತ್ತಿರಲಿಲ್ಲ. ಗೆರೆ ಎಳೆದು, ಪೆನ್ ಎತ್ತಿ, ಒಂದು ಉಸಿರು ಬಿಟ್ಟು ಮುಂದಿನದಕ್ಕೆ ಹೋಗಿ ಅಂದೆ. ಎರಡು ದಿನದಲ್ಲಿ ಕೊಕ್ಕೆ ಮಾಯ. ಇಡೀ ಹಾಳೆಗೆ ಒಂದೇ ತಪ್ಪು, ಎಲ್ಲ ಗೆರೆಯಲ್ಲೂ, ಒಂದೇ ತುದಿಯಲ್ಲಿ. ನಿಮ್ಮ ಹಾಳೆಗಳಲ್ಲಿ ನೀವು ಹುಡುಕಬೇಕಾದ್ದು ಇಂಥದ್ದನ್ನು, ಅಂದರೆ ಮರುಕಳಿಸುವುದನ್ನು. ಎಲ್ಲಿ ತಪ್ಪಿದೆ ಅಂತ ಹುಡುಕಿದರೆ ನೂರು ಸಿಗುತ್ತದೆ, ಸುಮ್ನೆ ಬೇಜಾರು. ಯಾವ ತಪ್ಪು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತಿದೆ ಅಂತ ಹುಡುಕಿದರೆ ಎರಡೋ ಮೂರೋ ಸಿಗುತ್ತದೆ, ಅಷ್ಟೇ ಸಾಕು.

ಇನ್ನು ನಿಮ್ಮ ಹಿಂದಿನ ಮೂಲೆ. ಇದು ನಿಮಗೊಬ್ಬರಿಗೇ ಆಗುವುದಲ್ಲ, ಕೈಯಲ್ಲಿ ಡಬ್ಬ ಬರೆಯುವ ಎಲ್ಲರಿಗೂ ಆಗುತ್ತದೆ, ಯಾಕೆ ಆಗುತ್ತದೆ ಅಂತ ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ. ಡಬ್ಬಕ್ಕೆ 12 ಅಂಚು. ನಾಲ್ಕು ನಾಲ್ಕರ ಮೂರು ಗುಂಪು. ಒಂದೊಂದು ಗುಂಪಿನ ನಾಲ್ಕು ಗೆರೆಯೂ ದೂರದಲ್ಲಿ ಒಂದೇ ವ್ಯಾನಿಶಿಂಗ್ ಪಾಯಿಂಟ್ ಕಡೆ, ಅಂದರೆ ಉದ್ದ ಮಾಡಿದರೆ ಅವೆಲ್ಲ ಸೇರುವ ಒಂದು ಬಿಂದುವಿನ ಕಡೆ ಹೋಗಬೇಕು. ಮುಂದಿನ ಮೂಲೆಯಿಂದ ಮೂರು ಗೆರೆ ಎಳೆದು ಶುರು ಮಾಡುತ್ತೀರಿ, ಆಮೇಲೆ ಆರು, ಅಲ್ಲಿಗೆ ಕಣ್ಣಿಗೆ ಕಾಣುವ ಮೂರು ಮುಖ ಮುಗಿಯಿತು. ಉಳಿದ ಮೂರು ಗೆರೆ ಡಬ್ಬದ ಒಳಗಿನವು, ಅವು ಸೇರುವ ಜಾಗವೇ ಹಿಂದಿನ ಮೂಲೆ. ಅಂದರೆ ಮೊದಲ ಒಂಬತ್ತು ಗೆರೆಯಲ್ಲಿ ಆದ ಚಿಕ್ಕಪುಟ್ಟ ವಾಲುವಿಕೆ ಎಲ್ಲ ಒಟ್ಟಾಗಿ ಅಲ್ಲಿಗೆ ಬಂದು ಬೀಳುತ್ತದೆ. ಮೂಲೆ ಕೆಟ್ಟಿಲ್ಲ, ಮೂಲೆ ಲೆಕ್ಕ ತೋರಿಸುತ್ತಿದೆ. ನೀವು ಆ ಮೂಲೆಯನ್ನೇ ಸರಿಮಾಡಲು ಹೋಗಿ ಕೊನೆಯ ಮೂರು ಗೆರೆಯನ್ನು ಬಲವಂತವಾಗಿ ಎಳೆದು ಸೇರಿಸಿದರೆ ನೋಡಲು ಚೆಂದ ಕಾಣುತ್ತದೆ, ಕಲಿತದ್ದು ಏನೂ ಇಲ್ಲ.

ಪರೀಕ್ಷೆ ಮಾಡುವುದು ಹೀಗೆ. ಹಾಳೆ ಮುಗಿದ ಮೇಲೆ, ಮಧ್ಯೆ ಅಲ್ಲ, ಬೇರೆ ಬಣ್ಣದ ಪೆನ್ ಮತ್ತು ಸ್ಕೇಲ್ ತೆಗೆದುಕೊಳ್ಳಿ. ಒಂದೊಂದು ಗುಂಪಿನ ನಾಲ್ಕು ಗೆರೆಯನ್ನೂ ಡಬ್ಬದಿಂದ ಹಿಂದಕ್ಕೆ, ನಿಮ್ಮಿಂದ ದೂರ ಹೋಗುವ ಕಡೆಗೆ ಉದ್ದ ಮಾಡಿ. ನಾಲ್ಕೂ ಹತ್ತಿರ ಹತ್ತಿರ ಬರುತ್ತಿದ್ದರೆ ಸರಿ. ಎರಡೆರಡು ಜೋಡಿಯಾಗಿ ಬೇರೆ ಬೇರೆ ಕಡೆ ಸೇರುತ್ತಿದ್ದರೆ ನೀವು ಒಂದು ಸಲಕ್ಕೆ ಒಂದೇ ಮುಖ ನೋಡಿಕೊಂಡು ಬರೆಯುತ್ತಿದ್ದೀರಿ, ನಾಲ್ಕನ್ನೂ ಒಟ್ಟಿಗೆ ನೋಡುತ್ತಿಲ್ಲ. ಬಿಚ್ಚಿಕೊಂಡು ದೂರ ದೂರ ಹೋಗುತ್ತಿದ್ದರೆ ಡಬ್ಬದ ಹಿಂಭಾಗ ಮುಂಭಾಗಕ್ಕಿಂತ ದೊಡ್ಡದಾಗಿದೆ. ಇದನ್ನು ಹೇಳಲು ಮೇಷ್ಟ್ರೇ ಬೇಕಾಗಿಲ್ಲ, ಹಾಳೆಯೇ ಹೇಳುತ್ತದೆ. ಎಲಿಪ್ಸ್‌ಗೂ ಇಂಥದ್ದೇ ಒಂದಿದೆ. ಅದರ ಅಡ್ಡ ಅಗಲ, ಅಂದರೆ ಚಿಕ್ಕ ಅಕ್ಷದ ಮೇಲೆ ಒಂದು ಗೆರೆ ಎಳೆದು ಎರಡು ಅರ್ಧ ಒಂದೇ ಥರ ಇದೆಯಾ ನೋಡಿ.

ಮೂರನೇ ಸಲದ್ದು ಕೆಟ್ಟದಾಯಿತು ಅಂದಿರಿ. ಎರಡು ಸಾಧ್ಯತೆ ಇದೆ. ಒಂದು, ನಿಜಕ್ಕೂ ಕೆಟ್ಟದಾಗಿದೆ. ಯಾಕೆಂದರೆ ಮನಸ್ಸು ಬೇಸತ್ತಿದೆ, ಕೈ ಯಾಂತ್ರಿಕವಾಗಿ ಓಡುತ್ತಿದೆ. ಎಂಟನೇ ಡಬ್ಬ ಬರೆಯುವಾಗ ವ್ಯಾನಿಶಿಂಗ್ ಪಾಯಿಂಟ್ ಯಾವ ಕಡೆ ಅಂತ ಯೋಚನೆ ಮಾಡುತ್ತೀರಿ, 80ನೇ ಡಬ್ಬ ಬರೆಯುವಾಗ ಇನ್ನೆಷ್ಟು ಉಳಿದಿದೆ ಅಂತ ಯೋಚನೆ ಮಾಡುತ್ತೀರಿ. ಇನ್ನೊಂದು ಸಾಧ್ಯತೆ, ಅದು ಕೆಟ್ಟಿಲ್ಲ, ನಿಮ್ಮ ಕಣ್ಣು ಚುರುಕಾಗಿದೆ. ಕಲಿಕೆಯಲ್ಲಿ ಕಣ್ಣು ಯಾವಾಗಲೂ ಕೈಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗುತ್ತದೆ, ಆ ಅಂತರದಲ್ಲಿ ನಿಂತಾಗ ನಾವು ಮಾಡಿದ್ದೆಲ್ಲ ಕೆಟ್ಟದಾಗಿ ಕಾಣುತ್ತದೆ. ಯಾವುದು ನಿಜ ಅಂತ ನೋಡಲು ಮೂರು ಸಲದ ಒಂದೊಂದು ಹಾಳೆ ತೆಗೆದು ತಾರೀಕು ಕಾಣದಂತೆ ಮಡಚಿ, ತಲೆಕೆಳಗಾಗಿ ಗೋಡೆಗೆ ಒರಗಿಸಿ, ಆರೇಳು ಅಡಿ ದೂರ ನಿಂತು ನೋಡಿ. ತಲೆಕೆಳಗು ಮಾಡಿದಾಗ ಅದು ನಿಮ್ಮ ಡಬ್ಬ ಅನ್ನುವುದು ಮರೆತುಹೋಗಿ ಬರೀ ಗೆರೆ ಕಾಣುತ್ತದೆ. ಲಿಯೊನಾರ್ಡೊ ಡ ವಿಂಚಿ ಚಿತ್ರಕಾರರಿಗೆ ಬರೆದಿಟ್ಟ ಟಿಪ್ಪಣಿಗಳಲ್ಲಿ ಇದೇ ಜಾತಿಯ ಸಲಹೆ ಇದೆ: ಕೆಲಸ ಮಾಡುವಾಗ ಪಕ್ಕದಲ್ಲಿ ಚಪ್ಪಟೆ ಕನ್ನಡಿ ಇಟ್ಟುಕೊಳ್ಳಿ, ಅದರಲ್ಲಿ ಚಿತ್ರವನ್ನು ತಿರುಗುಮುರುಗಾಗಿ ನೋಡಿದರೆ ಬೇರೆಯವರ ಕೈಯ ಕೆಲಸದಂತೆ ಕಾಣುತ್ತದೆ, ತಪ್ಪು ಬೇಗ ಗೊತ್ತಾಗುತ್ತದೆ ಅಂತ. ಐನೂರು ವರ್ಷ ದಾಟಿದರೂ ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ. ಈಗ ಫೋನಿನಲ್ಲಿ ಫೋಟೋ ತೆಗೆದು ಫ್ಲಿಪ್ ಮಾಡಿದರೂ ಅದೇ ಕೆಲಸ ಆಗುತ್ತದೆ.

ಒಂದೇ ಹಾಳೆಯನ್ನು ಮತ್ತೆ ಮತ್ತೆ ಮಾಡುವ ಬಗ್ಗೆ ಇನ್ನೊಂದು ಮಾತು. 1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೈಯಿಂದ ಚಿಕ್ಕ ಮರದ ತಡೆಗಳನ್ನು ಗೊತ್ತಾದ ಕ್ರಮದಲ್ಲಿ ಬೀಳಿಸುವ ಮೂರು ಬಗೆಯ ಚಲನೆ. ಒಂದು ಗುಂಪು ಮೊದಲನೆಯದನ್ನು ಪೂರ್ತಿ ಮುಗಿಸಿ ಎರಡನೆಯದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನವರೇ ಚುರುಕು. ಆದರೆ ಹತ್ತು ದಿನ ಬಿಟ್ಟು ನೋಡಿದಾಗ ಕೈಯಲ್ಲಿ ಉಳಿದಿದ್ದದ್ದು ಕಲಸಿ ಮಾಡಿದವರಿಗೆ. ಡಬ್ಬಕ್ಕೂ ಮರದ ತಡೆಗೂ ವ್ಯತ್ಯಾಸ ಇದೆ, ಗೊತ್ತು. ಆದರೂ ನನ್ನ ತರಗತಿಯಲ್ಲಿ ನೋಡಿದ್ದು ಇದಕ್ಕೆ ಹೊಂದುತ್ತದೆ: ಒಂದೇ ಪಾಠದ ಮೇಲೆ ತಿಂಗಳುಗಟ್ಟಲೆ ಕೂತವರಿಗಿಂತ ಮುಂದಿನದಕ್ಕೆ ಹೋಗಿ ಹಳೆಯದನ್ನು ದಿನಾ ಸ್ವಲ್ಪ ಸ್ವಲ್ಪ ಮುಟ್ಟುವವರ ಕೈ ಬೇಗ ಕುದುರುತ್ತದೆ. ಅದೂ ಅಲ್ಲದೆ ಎರಡನೇ ಪಾಠದ ಎಲೆಯಲ್ಲೂ ಇರುವುದು ಇದೇ ಗೆರೆ. ಎಲೆಯ ನಡುನರ ಅಂದರೆ ಹೆಗಲಿಂದ ಎಳೆದ ಒಂದು ಬಾಗಿದ ಗೆರೆ. ಹುಳುವಿನ ಹೊಟ್ಟೆ ಅಂದರೆ ಒಂದರ ಹಿಂದೆ ಒಂದು ಎಲಿಪ್ಸ್. ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುತ್ತಿದ್ದೇನೆ ಅಂತ ಅನ್ನಿಸುತ್ತದೆ, ನಿಜದಲ್ಲಿ ಹಳೆಯದನ್ನೇ ಬೇರೆ ವೇಷದಲ್ಲಿ ಮಾಡುತ್ತಿರುತ್ತೀರಿ.

ಫೀಡ್‌ಬ್ಯಾಕ್ ತಡವಾದರೆ ಕಲಿಕೆಗೆ ನಷ್ಟ ಅನ್ನುವುದೂ ಪೂರ್ತಿ ಸರಿಯಲ್ಲ. 1990ರಲ್ಲಿ ಕ್ಯಾರೊಲಿ ವಿನ್‌ಸ್ಟೀನ್ ಮತ್ತು ರಿಚರ್ಡ್ ಷ್ಮಿಟ್ ಅನ್ನುವ ಸಂಶೋಧಕರು ಒಂದು ತೋಳಿನ ಚಲನೆಯನ್ನು ಜನರಿಗೆ ಕಲಿಸಿದರು. ಕೆಲವರಿಗೆ ಪ್ರತಿ ಸಲವೂ ಫಲಿತಾಂಶ ಹೇಳಿದರು, ಕೆಲವರಿಗೆ ಅರ್ಧದಷ್ಟು ಸಲ ಮಾತ್ರ. ಮರುದಿನ ಏನೂ ಹೇಳದೆ ಮಾಡಿಸಿದಾಗ ಅರ್ಧ ಸಲ ಕೇಳಿಸಿಕೊಂಡವರೇ ಚೆನ್ನಾಗಿ ಮಾಡಿದರು. ಪ್ರತಿ ಸಲ ಹೇಳಿಸಿಕೊಂಡವರು ಆ ಹೇಳುವ ಧ್ವನಿಗೆ ಒರಗಿಕೊಂಡಿದ್ದರು ಅನ್ನುವುದು ಇದಕ್ಕೆ ಕೊಡುವ ವಿವರಣೆ. ಆಮೇಲೆ ಬಂದ ಅಧ್ಯಯನಗಳೆಲ್ಲ ಇಷ್ಟು ಸ್ಪಷ್ಟವಾಗಿ ಇದನ್ನೇ ಹೇಳಿಲ್ಲ, ಆದ್ದರಿಂದ ಫೀಡ್‌ಬ್ಯಾಕ್ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ನಿಯಮ ಮಾಡಿಕೊಳ್ಳಬೇಡಿ. ನಾನು ಹೇಳುವುದು ಇಷ್ಟೇ, ನಡುವೆ ಸಿಗುವ ಮೌನದಲ್ಲೂ ಕೈ ಕಲಿಯುತ್ತಿರುತ್ತದೆ.

ವ್ಯಾನ್ ಗಾಗ್ ಹೇಗೆ ಶುರು ಮಾಡಿದರು ಅಂತ ನೋಡಿ. 1880ರಲ್ಲಿ, 27ನೇ ವಯಸ್ಸಿನಲ್ಲಿ, ಬೆಲ್ಜಿಯಂನ ಗಣಿ ಪ್ರದೇಶದಲ್ಲಿ ಕೂತು ಚಿತ್ರಕಾರ ಆಗಬೇಕು ಅಂತ ನಿರ್ಧಾರ ಮಾಡಿದವರು ಅವರು. ಪಕ್ಕದಲ್ಲಿ ಮೇಷ್ಟ್ರು ಇಲ್ಲ. ಶಾರ್ಲ್ ಬಾರ್ಗ್ ಸಿದ್ಧಪಡಿಸಿದ ಅಚ್ಚಿನ ಅಭ್ಯಾಸ ಹಾಳೆಗಳನ್ನು ತರಿಸಿಕೊಂಡು ಒಂದೊಂದಾಗಿ ನಕಲು ಮಾಡಿದರು, ಮುಗಿಸಿ ಮತ್ತೆ ಮೊದಲಿಂದ ಮಾಡಿದರು. ತಮ್ಮನಿಗೆ ಕಾಗದ ಬರೆಯುತ್ತಿದ್ದರು, ಅಷ್ಟೇ. ನನಗೆ ತುಂಬಾ ಇಷ್ಟವಾಗುವ ಸಂಗತಿ ಇನ್ನೊಂದಿದೆ. 1890ರಲ್ಲಿ, ಅಷ್ಟೆಲ್ಲ ಚಿತ್ರ ಬರೆದ ಮೇಲೆ, ಬದುಕಿನ ಕೊನೆಯ ವರ್ಷದಲ್ಲಿ, ಅದೇ ಬಾರ್ಗ್ ಹಾಳೆಗಳು ಮತ್ತೆ ಬೇಕು ಅಂತ ತಮ್ಮನನ್ನು ಕೇಳಿದರು. ಮೊದಲ ಪಾಠ ಅನ್ನುವುದು ಒಂದು ಸಲ ಪಾಸ್ ಮಾಡಿ ದಾಟುವ ಗೇಟ್ ಅಲ್ಲ. ಮುಂದೆ ಹೋಗಿ, ಬೇಕಾದಾಗ ವಾಪಸ್ ಬರಬಹುದು, ಎಷ್ಟು ಸಲ ಬೇಕಾದರೂ.

ಸರಿ, ಈಗ ನಿಮ್ಮ ಮುಂದಿರುವ ದಾರಿಗಳು. ಪೂರ್ತಿ ನಿಲ್ಲಿಸಿ ಕಾಯುವುದು ಒಂದು. ಇದರ ಅಪಾಯ ಆಗಲೇ ಹೇಳಿದೆ. ಕೈ ಬಿಟ್ಟದ್ದಕ್ಕಿಂತ ಮನಸ್ಸು ಬಿಟ್ಟದ್ದನ್ನು ಮತ್ತೆ ತರುವುದು ಕಷ್ಟ. ಮೊದಲ ಪಾಠವನ್ನೇ ತಿರುಗಿ ಮಾಡುತ್ತಾ ಇರುವುದು ಇನ್ನೊಂದು. ನೀವು ಈಗಾಗಲೇ ಮೂರು ಸಲ ಮಾಡಿ ನೋಡಿದ್ದೀರಿ. ಅದರಲ್ಲಿ ಇನ್ನೂ ಒಂದು ತೊಂದರೆ ಇದೆ. ಕಳಿಸಿದ ಹಾಳೆಗಳ ಬಗ್ಗೆ ಫೀಡ್‌ಬ್ಯಾಕ್ ಬರುವ ಹೊತ್ತಿಗೆ ನಿಮ್ಮ ಕೈ ಬೇರೆ ಕಡೆ ಹೋಗಿರುತ್ತದೆ, ಯಾವ ಮಾತು ಯಾವ ಹಾಳೆಗೆ ಅಂತ ಗೊಂದಲ ಆಗುತ್ತದೆ. ಜೊತೆಗೆ ಕಲಿಯುವವರಿಗೆ ತೋರಿಸಿ ಕೇಳುವುದು ಮೂರನೆಯದು. ಇದನ್ನು ಬೇಡ ಅನ್ನುವುದಿಲ್ಲ, ತನ್ನ ಬೆನ್ನು ತನಗೆ ಕಾಣುವುದಿಲ್ಲ ಅಲ್ವಾ. ಆದರೆ "ಹೇಗಿದೆ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಒಬ್ಬರು ಸೂಪರ್ ಅನ್ನುತ್ತಾರೆ, ಒಬ್ಬರು ನೆರಳು ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಪೆನ್ನೇ ಬದಲಾಯಿಸಿ ಅನ್ನುತ್ತಾರೆ. "ಈ ಡಬ್ಬದಲ್ಲಿ ಎಡಕ್ಕೆ ಹೋಗುವ ನಾಲ್ಕು ಗೆರೆಯಲ್ಲಿ ಯಾವುದು ಹೊಂದುತ್ತಿಲ್ಲ?" ಅಂತ ಕೇಳಿ. ಪ್ರಶ್ನೆ ಸಣ್ಣದಾದಷ್ಟೂ ಉತ್ತರ ನಂಬುವಂತಿರುತ್ತದೆ.

ನಾಲ್ಕನೆಯದು ಮುಂದೆ ಹೋಗುವುದು, ನಾನು ಹೇಳುತ್ತಿರುವುದು. ಇದರ ಅಪಾಯ ಏನು? ಒಂದು, ತಿಳುವಳಿಕೆಯಲ್ಲೇ ತಪ್ಪಿದ್ದರೆ ಅದನ್ನು ಹೊತ್ತುಕೊಂಡೇ ಮುಂದಕ್ಕೆ ಹೋಗುತ್ತೀರಿ. ಎರಡು, ಓಡುವ ಚಟ ಹತ್ತುತ್ತದೆ. ಎರಡು ಮುಗಿಯಿತು, ಮೂರಕ್ಕೆ, ನಾಲ್ಕಕ್ಕೆ ಅಂತ. ಅದಕ್ಕೇ ನನ್ನ ಮಿತಿ ಒಂದೇ ಪಾಠ. ಫೀಡ್‌ಬ್ಯಾಕ್ ಬಾಕಿ ಇರುವ ಪಾಠಕ್ಕಿಂತ ಒಂದು ಪಾಠ ಮಾತ್ರ ಮುಂದೆ ಹೋಗಿ. ಎರಡನೆಯದೂ ಮುಗಿದು ಮೊದಲನೆಯದರ ಉತ್ತರ ಇನ್ನೂ ಬಂದಿಲ್ಲ ಅಂದರೆ ಎರಡನೆಯದನ್ನು ಕಳಿಸಬೇಡಿ, ಇಟ್ಟುಕೊಳ್ಳಿ. ಒಂದು ವಾರ ನಿಮಗೆ ಖುಷಿ ಕೊಡುವ ಏನನ್ನಾದರೂ ಬರೆಯಿರಿ, ಕಾರು, ಬೆಕ್ಕು, ಮುಖ, ಏನಾದರೂ ಸರಿ, ಕೆಟ್ಟದಾಗಿ ಬಂದರೂ ಸರಿ. ನಿಜ ಹೇಳಬೇಕೆಂದರೆ ಇದನ್ನು ಆ ವಾರಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. ನಿಮ್ಮ ಮುಕ್ಕಾಲು ಗಂಟೆಯಲ್ಲಿ ಒಂದು ಪಾಲು ದಿನವೂ ಇದಕ್ಕೇ ಇರಲಿ. ನೀವು ಡ್ರಾಯಿಂಗ್ ಕಲಿಯಲು ಹೊರಟದ್ದು ಡಬ್ಬ ಬರೆಯುವುದಕ್ಕಲ್ಲವಲ್ಲ.

ಒಂದು ರಾತ್ರಿಯ ಲೆಕ್ಕ ಹೇಳುವುದಾದರೆ, ಮೊದಲ ಹತ್ತು ನಿಮಿಷ ಹಳೆಯ ಪಾಠದ ಎರಡು ಅಭ್ಯಾಸ. ಇವತ್ತು ಗೆರೆ ಮತ್ತು ಡಬ್ಬ, ನಾಳೆ ಎಲಿಪ್ಸ್ ಮತ್ತು ಗೆರೆ, ಹೀಗೆ ಬದಲಾಯಿಸುತ್ತಾ. ಡಬ್ಬ ಅಂದರೆ ಎರಡೋ ಮೂರೋ, ಹಾಳೆ ತುಂಬಾ ಅಲ್ಲ. ಗೆರೆ ಎಳೆಯುವ ಮೊದಲು ಪೆನ್ ಹಾಳೆಗೆ ತಾಗಿಸದೆ ಎರಡು ಸಲ ಗಾಳಿಯಲ್ಲಿ ಕೈ ಆಡಿಸಿ, ಆಮೇಲೆ ಅದೇ ಓಟದಲ್ಲಿ ಎಳೆದುಬಿಡಿ. ಎಳೆಯುವಾಗ ಹಿಂಜರಿಯಬೇಡಿ, ಚುಕ್ಕೆ ದಾಟಿ ಹೋದರೂ ಪರವಾಗಿಲ್ಲ. ನೇರವಾಗಿ ಹೋಗಿ ಗುರಿ ತಪ್ಪಿದ ಗೆರೆಯನ್ನು ತಿದ್ದಬಹುದು, ನಡುಗುತ್ತಾ ಗುರಿ ಮುಟ್ಟಿದ ಗೆರೆಯನ್ನು ತಿದ್ದುವುದು ಕಷ್ಟ. ಮುಂದಿನ 20 ನಿಮಿಷ ಹೊಸ ಪಾಠ, ಉಳಿದ 15 ನಿಮಿಷ ನಿಮ್ಮದು.

ಹೊಸ ಪಾಠದ ಪ್ರತಿ ಹಾಳೆಯ ಹಿಂಬದಿಯಲ್ಲಿ ತಾರೀಕು ಹಾಕಿ ಎರಡು ಸಾಲು ಬರೆಯಿರಿ. ಏನು ಮರುಕಳಿಸುತ್ತಿದೆ, ಯಾವ ಸೂಚನೆ ಸರಿಯಾಗಿ ಅರ್ಥವಾಗಲಿಲ್ಲ. ಮೊದಲ ಪಾಠದ ಹಾಳೆಗಳಿಗೂ ಇವತ್ತೇ ಬರೆದಿಡಿ, ಫೀಡ್‌ಬ್ಯಾಕ್ ಬರುವ ಮೊದಲೇ. ಇದು ತುಂಬಾ ಮುಖ್ಯ. ಯಾಕೆ ಗೊತ್ತಾ? ಫೀಡ್‌ಬ್ಯಾಕ್ ಬಂದಾಗ ಅದನ್ನು ನಿಮ್ಮ ಸಾಲುಗಳ ಪಕ್ಕ ಇಟ್ಟು ನೋಡಿ. ನಿಮಗೂ ಕಂಡಿದ್ದು, ಮೇಷ್ಟ್ರಿಗೂ ಕಂಡಿದ್ದು ಇದ್ದರೆ ಆ ವಿಷಯದಲ್ಲಿ ನಿಮ್ಮ ಕಣ್ಣನ್ನು ಇನ್ನು ನಂಬಬಹುದು. ಅವರಿಗೆ ಕಂಡು ನಿಮಗೆ ಕಾಣದೇ ಹೋದದ್ದು ಇದೆಯಲ್ಲ, ನೀವು 19 ದಿನ ಕಾದದ್ದು ಅದೊಂದಕ್ಕೆ. ಸಾಮಾನ್ಯವಾಗಿ ಅಂಥದ್ದು ಒಂದೋ ಎರಡೋ ಇರುತ್ತದೆ.

ಮುಂದಿನ ಸಲ ಕಳಿಸುವಾಗ ಒಂದು ಸಣ್ಣ ವಿಷಯ ನೋಡಿಕೊಳ್ಳಿ. ಹಗಲು ಬೆಳಕಲ್ಲಿ, ಮೇಲಿನಿಂದ ನೇರವಾಗಿ, ಇಡೀ ಹಾಳೆ ಬರುವಂತೆ ಫೋಟೋ ತೆಗೆಯಿರಿ. ಓರೆಯಾಗಿ ತೆಗೆದರೆ ಡಬ್ಬಗಳ ಪರ್ಸ್ಪೆಕ್ಟಿವ್ ಫೋಟೋದಲ್ಲೇ ವಾಲಿರುತ್ತದೆ, ನೋಡುವವರಿಗೆ ಯಾವುದು ನಿಮ್ಮ ತಪ್ಪು ಯಾವುದು ಕ್ಯಾಮೆರಾದ್ದು ಗೊತ್ತಾಗುವುದಿಲ್ಲ. ಕೆಟ್ಟ ಹಾಳೆಗಳನ್ನೂ ಸೇರಿಸಿ. ನಾನು ಒಂದು ಪಾಠದ ಹೋಮ್‌ವರ್ಕ್ ಪೂರ್ತಿ ನೋಡಿ ಬರೆಯಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತೇನೆ, ಜೊತೆಗೆ "ನನಗೆ ಇದು ಅನುಮಾನ" ಅಂತ ಒಂದು ಸ್ಪಷ್ಟ ಪ್ರಶ್ನೆ ಇದ್ದರೆ ಬೇಗ ಮುಗಿಯುತ್ತದೆ. ನಿಮ್ಮದು ಇನ್ನೂ ಬಾರದಿರುವುದಕ್ಕೆ ಕೆಲಸ ಕೆಟ್ಟದಾಗಿರುವುದು ಕಾರಣ ಅಂದುಕೊಳ್ಳಬೇಡಿ, ಅಲ್ಲಿ ನೋಡುವವರ ಮೇಜಿನ ಮೇಲೆ ಸಾಲು ಉದ್ದ ಇರುತ್ತದೆ. ಒಂದು ತಿಂಗಳಾದರೂ ಬರದಿದ್ದರೆ ವಿನಯದಿಂದ ಒಂದು ಸಲ ನೆನಪಿಸಿ, ತಪ್ಪೇನಿಲ್ಲ.

ಕೊನೆಯ ಪ್ರಶ್ನೆ, ಅರ್ಧದಲ್ಲಿರುವಾಗ "ಹಳೆಯದನ್ನು ಮತ್ತೆ ಮಾಡಿ" ಅಂತ ಬಂದರೆ. ಮೊದಲು ಎಷ್ಟು ಮಾಡಬೇಕು ಅಂತ ನೋಡಿ. ಬಹಳ ಸಲ ಅದು ಒಂದೋ ಎರಡೋ ಹಾಳೆ ಇರುತ್ತದೆ, ಇಡೀ ಪಾಠ ಅಲ್ಲ. ಕೈ ಪಳಗದ ತಪ್ಪಿಗೆ ಕೇಳಿದ್ದರೆ ಎರಡನೇ ಪಾಠ ನಿಲ್ಲಿಸಬೇಡಿ. ಆ ಹಾಳೆಗಳನ್ನು ದಿನದ ಮೊದಲ ಹತ್ತು ನಿಮಿಷಕ್ಕೆ ಹಾಕಿಕೊಳ್ಳಿ, ವಾರದಲ್ಲಿ ಮುಗಿಯುತ್ತದೆ. ಪೆನ್ ಹಿಡಿಯುವ ರೀತಿ, ಕೈ ಆಡಿಸುವ ರೀತಿ, ಸೂಚನೆ ತಪ್ಪಾಗಿ ತಿಳಿದದ್ದು, ಇಂಥದ್ದಾದರೆ ಎರಡನೇ ಪಾಠವನ್ನು ಆ ಹಾಳೆಯ ಮಧ್ಯದಲ್ಲೇ ನಿಲ್ಲಿಸಿ, ಎಲೆ ಅರ್ಧ ಆಗಿದ್ದರೆ ಅರ್ಧಕ್ಕೇ ಬಿಡಿ. ಹಳೆಯ ಹಾಳೆಗಳನ್ನು ಹೊಸ ರೀತಿಯಲ್ಲಿ ಮಾಡಿ ಮುಗಿಸಿ. ಆಮೇಲೆ ಆ ಅರ್ಧ ಎಲೆಗೆ ವಾಪಸ್ ಬನ್ನಿ, ಅಳಿಸಬೇಡಿ, ಹರಿದು ಹಾಕಬೇಡಿ. ಉಳಿದ ಅರ್ಧವನ್ನು ತಿದ್ದಿಕೊಂಡ ಕೈಯಲ್ಲಿ ಬರೆದು, ಎರಡು ಅರ್ಧಗಳ ನಡುವೆ ತಾರೀಕು ಹಾಕಿ ನನಗೂ ಒಂದು ಫೋಟೋ ಕಳಿಸಿ.